ಶಾಕ್ ಅಬ್ಸಾರ್ಬರ್ ಬದಲಿಸಿದರೂ ಕಾರಿನ ಹಿಂಬದಿ ಸರಿಯುವುದು ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ 2017ರ ಆಕ್ಟೇವಿಯಾ ವಿಆರ್‌ಎಸ್. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರು ತಗ್ಗಿಸಿದ್ದಾರೆ. ಕೊಲ್ಹಾಪುರ ಹೆದ್ದಾರಿಯಲ್ಲಿ ಸೇತುವೆ ಜಾಯಿಂಟ್ ದಾಟುವಾಗ ಹಿಂಬದಿ ಪಕ್ಕಕ್ಕೆ ಸರಿದಂತಾಗುತ್ತದೆ. ವಂಟಮುರಿ ಘಾಟಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಜಾಸ್ತಿ. ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿದ್ದೂ ಆಯಿತು. ಏನು ಮಾಡಲಿ ಸರ್?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಶಾಕ್ ಅಬ್ಸಾರ್ಬರ್ ಹೋಗಿದ್ದರೆ ಕಾರು ಮೇಲೆ ಕೆಳಗೆ ತೂಗುತ್ತದೆ. ನಿಮ್ಮದು ಪಕ್ಕಕ್ಕೆ ಸರಿಯುತ್ತಿದೆ. ಅಂದರೆ ಹಿಂದಿನ ಚಕ್ರ ತಾನೇ ದಿಕ್ಕು ಬದಲಿಸುತ್ತಿದೆ. ನನ್ನ ಅನುಮಾನ ಟೋ (ಚಕ್ರದ ಮೂತಿ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಮತ್ತು ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್) ಮೇಲೆ.

ಮೊದಲು ಅಲೈನ್‌ಮೆಂಟ್ ಪ್ರಿಂಟ್ ತೆಗೆದು ನೋಡಿ. ಹಿಂದಿನ ಚಕ್ರಗಳ ಅಂಕಿ ಅದರಲ್ಲಿ ಇದೆಯಾ? ಎಷ್ಟೋ ಅಂಗಡಿಗಳಲ್ಲಿ ಮುಂದಿನ ಎರಡನ್ನಷ್ಟೇ ಸರಿ ಮಾಡಿ ಕಳಿಸುತ್ತಾರೆ. ನಿಮ್ಮ ಕಾರಿಗೆ ಹಿಂದೆ ಮಲ್ಟಿಲಿಂಕ್ (ಪ್ರತಿ ಚಕ್ರವನ್ನು ಹಲವು ತೋಳುಗಳು ಹಿಡಿದಿರುವ) ಸಸ್ಪೆನ್ಷನ್ ಇದೆ, ಅಲ್ಲೂ ಟೋ ಹೊಂದಿಸಬಹುದು. ಕಾರು ತಗ್ಗಿಸಿದಾಗ ಟೋ, ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಎರಡೂ ಬದಲಾಗುತ್ತವೆ. ಹಿಂದಿನ ಚಕ್ರಗಳ ಮೂತಿ ಹೊರಗೆ ತಿರುಗಿದ್ದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಭಾರ ಮುಂದಕ್ಕೆ ಹೋಗಿ ಹಿಂಬದಿ ಜಾರಲು ನೋಡುತ್ತದೆ. ನೀವು ಹೇಳಿದ ಘಾಟಿನ ಲಕ್ಷಣ ಇದೇ. ಒಂದು ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ, ಅಥವಾ ಅಂಗೈ ಅಡ್ಡ ಸವರಿದಾಗ ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸದ ಹಾಗೆ ಒರಟಾಗಿ ಸಿಕ್ಕರೆ ಅನುಮಾನ ಗಟ್ಟಿಯಾಯಿತು.

ಆದರೆ ಬುಷ್ ಹರಿದಿದ್ದರೆ ಅಲೈನ್‌ಮೆಂಟ್ ಮಾಡಿಯೂ ಸುಮ್ನೆ ದುಡ್ಡು ದಂಡ. ರ‍್ಯಾಂಪ್ ಮೇಲೆ ನಿಂತಾಗ ಅಂಕಿ ಸರಿ ಇರುತ್ತದೆ, ಜಾಯಿಂಟ್ ಬಡಿದಾಗ ಚಕ್ರ ಮತ್ತೆ ತಿರುಗುತ್ತದೆ. ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಮುಂದಿನಿಂದ ಹಿಡಿದಿರುವ ತೋಳು) ಮುಂದಿನ ತುದಿಯ ದಪ್ಪ ಬುಷ್ಷನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ನೋಡಲು ಹೇಳಿ. ಹೊಸ ಬುಷ್ ಹಾಕಿದರೆ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬೋಲ್ಟ್ ಕೊನೆಯ ಬಿಗಿ ಮಾಡಬೇಕು. ಚಕ್ರ ತೂಗಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್ ಅವಸರದಲ್ಲಿದ್ದರೆ ಪಕ್ಕದಲ್ಲೇ ನಿಂತುಕೊಳ್ಳಿ.

ಇನ್ನೊಂದು ಪರೀಕ್ಷೆ. ಒಬ್ಬರೇ ಹೋದಾಗ ಸರಿ ಇದ್ದು, ಹಿಂದೆ ಮೂವರು ಕೂತಾಗ ಕಾರು ಪುಟಿದರೆ ಆ ಗಿಡ್ಡ ಸ್ಪ್ರಿಂಗೇ ಕಾರಣ. ಕುಸಿಯಲು ಜಾಗ ಸಾಲದೆ ಸಸ್ಪೆನ್ಷನ್ ಬಂಪ್ ಸ್ಟಾಪ್‌ಗೆ (ಕುಸಿತದ ಕೊನೆಯಲ್ಲಿ ತಡೆಯುವ ರಬ್ಬರ್) ಬಡಿಯುತ್ತದೆ, ಹಿಡಿತ ತಪ್ಪುತ್ತದೆ. ನಮ್ಮ ರಸ್ತೆಗೆ ಕಂಪನಿ ಸ್ಪ್ರಿಂಗೇ ವಾಸಿ, ನೋಡಲು ಚೆಂದ ಇಲ್ಲದಿದ್ದರೂ ಪರವಾಗಿಲ್ಲ.

ಟೈರಿನ ಪಕ್ಕದಲ್ಲಿ ಅದು ತಯಾರಾದ ಕಾಲ ಹೇಳುವ ನಾಲ್ಕು ಅಂಕಿಯನ್ನೂ ಓದಿ. 2318 ಅಂದರೆ 2018ರ 23ನೇ ವಾರ. ಮುಂದೆ ಹೊಸದು, ಹಿಂದೆ ಹಳೆಯದು ಇದ್ದರೆ ಅದಲುಬದಲು ಮಾಡಿ. ಗಾಳಿಯನ್ನು ಬೆಳಿಗ್ಗೆ ಕಾರು ಓಡಿಸುವ ಮೊದಲೇ ನೋಡಿ.

ರಿಪೇರಿ ಆಗುವವರೆಗೆ ಮಳೆಯಲ್ಲಿ ಗೋವಾ ದಾರಿಯ ಚೋರ್ಲಾ ಘಾಟಿನ ಕಡೆ ಬೇಡ. ಘಾಟಿನಲ್ಲಿ ತಿರುವು ಬರುವ ಮೊದಲೇ ವೇಗ ಇಳಿಸಿ, ನಡುವೆ ಆಕ್ಸಿಲರೇಟರ್ ತಟ್ಟನೆ ಬಿಡಬೇಡಿ.