ಕರೆಂಟು ಹೋಗಿ ಬಂದ ಮೇಲೆ ಉಬುಂಟು ಪರದೆ 1024×768ಕ್ಕೆ ನಿಂತುಬಿಟ್ಟಿದೆ, ಎಲ್ಲವನ್ನೂ ಅಳಿಸಿ ಮತ್ತೆ ಹಾಕಬೇಕೆ?

ಶರಣು. ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ನೀವು ಭಾಲ್ಕಿಯಲ್ಲಿ ಲಗ್ನಪತ್ರಿಕೆ ಮತ್ತು ಬ್ಯಾನರ್ ಸಿದ್ಧಪಡಿಸುವ ಡಿಟಿಪಿ ಅಂಗಡಿ ನಡೆಸುತ್ತೀರಿ; ಎನ್‌ವಿಡಿಯಾ ಜಿಟಿ 730 ಗ್ರಾಫಿಕ್ಸ್ ಕಾರ್ಡು ಇರುವ ಹಳೆಯ ಕಂಪ್ಯೂಟರಿನಲ್ಲಿ ಉಬುಂಟು 24.04 ಎಂಬ ಲಿನಕ್ಸ್ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ಸಂಜೆ ಕರೆಂಟು ಹೋಗಿ ಬಂದ ಮೇಲೆ ಪರದೆ 1024×768ಕ್ಕೆ ನಿಂತಿತು, ಸೆಟ್ಟಿಂಗ್ಸಿನಲ್ಲಿ ಬೇರೆ ಆಯ್ಕೆಯೇ ಕಾಣಿಸದಾಯಿತು. ಪರಿಚಯದವರೊಬ್ಬರ ಮಾತು ಕೇಳಿ ಕಂಪನಿಯ ಜಾಲತಾಣದಿಂದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಫೈಲು ಇಳಿಸಿ ಹಾಕಲು ಹೋದಾಗ ಅದು ಅರ್ಧದಲ್ಲಿ ದೋಷ ತೋರಿಸಿ ನಿಂತಿತು. ಈಗ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಫೈಲುಗಳಿಗೆ, ಫಾಂಟುಗಳಿಗೆ ಏನೂ ಆಗಿಲ್ಲ. ಕಾರ್ಡು ಕೆಟ್ಟಿರುವ ಸಂಭವವೂ ಕಡಿಮೆ. ಉಬುಂಟುವಿನ ತಿರುಳಾದ ಕರ್ನೆಲ್ಲಿಗೂ ಕಾರ್ಡಿನ ಡ್ರೈವರಿಗೂ ನಡುವಿನ ಕೊಂಡಿ ಕಳಚಿದೆ, ಅದನ್ನು ಮತ್ತೆ ಜೋಡಿಸಿದರೆ ಸಾಕು. ನಾನು ಕಲಬುರಗಿಯಲ್ಲಿ ಡಿಟಿಪಿ ಅಂಗಡಿಗಳಿಗೂ ಕೆಲವು ಶಾಲೆಗಳ ಕಂಪ್ಯೂಟರ್ ಕೋಣೆಗಳಿಗೂ ಲಿನಕ್ಸ್ ಹಾಕಿಕೊಟ್ಟು ನೋಡಿಕೊಳ್ಳುವವನು. ಈ ತೊಂದರೆಯನ್ನು ಹಲವು ಸಲ ಸರಿಪಡಿಸಿದ್ದೇನೆ.

ಲಗ್ನದ ದಿನಗಳಲ್ಲಿ ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾರೆ ಎಂಬುದು ನನಗೆ ಗೊತ್ತು, ಆದ್ದರಿಂದ ಮೊದಲು ಇಂದಿನ ಕೆಲಸ ನಡೆಯುವ ದಾರಿ ಹೇಳುತ್ತೇನೆ. ಕಂಪ್ಯೂಟರ್ ಶುರುವಾಗುವಾಗ ಎಸ್ಕೇಪ್ ಕೀಲಿಯನ್ನು, ಹಳೆಯ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ಇದ್ದರೆ ಶಿಫ್ಟ್ ಕೀಲಿಯನ್ನು ಒತ್ತಿದರೆ ಯಾವುದರಿಂದ ಶುರುಮಾಡಬೇಕೆಂದು ಕೇಳುವ ಗ್ರಬ್ ಪಟ್ಟಿ ಬರುತ್ತದೆ. ಅದರಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್ ಫಾರ್ ಉಬುಂಟು’ ಎಂಬ ಸಾಲಿಗೆ ಹೋಗಿ, ‘ರಿಕವರಿ ಮೋಡ್’ ಎಂದು ಬರೆದಿರದ ಸಾಲುಗಳಲ್ಲಿ ಎರಡನೆಯದಾಗಿ ಕಾಣುವ ಹಳೆಯ ಕರ್ನೆಲ್ಲನ್ನು ಆರಿಸಿಕೊಳ್ಳಿ. ಉಬುಂಟು ಹೊಸ ಕರ್ನೆಲ್ ಹಾಕಿದಾಗ ಹಿಂದಿನದನ್ನು ಕೂಡಲೇ ಅಳಿಸುವುದಿಲ್ಲ. ಆ ಹಳೆಯದಕ್ಕೆ ಡ್ರೈವರ್ ಆಗಲೇ ಸಿದ್ಧವಾಗಿರುವುದರಿಂದ ಪರದೆ ಮೊದಲಿನಂತೆ ಬರಬಹುದು. ಬಂದರೆ ಇಂದಿನ ಪತ್ರಿಕೆಗಳನ್ನು ಮುಗಿಸಿ, ಉಳಿದದ್ದನ್ನು ರಾತ್ರಿ ಬಿಡುವಾದಾಗ ಮಾಡಿ. ಇಳಿಸಿಕೊಂಡ ಫೈಲು ಈಗಾಗಲೇ ಏನಾದರೂ ಬದಲಿಸಿದ್ದರೆ ಇದು ಫಲಿಸದೆಯೂ ಹೋಗಬಹುದು, ಅದಕ್ಕೆ ಕೆಳಗೆ ಬರುತ್ತೇನೆ.

ಹೀಗೇಕೆ ಆಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕಾರಣ ತಿಳಿಯದೆ ಕಮಾಂಡು ಹೊಡೆಯುವವರೇ ಹೆಚ್ಚು ತೊಂದರೆಗೆ ಸಿಕ್ಕುತ್ತಾರೆ. ಎಎಂಡಿ ಮತ್ತು ಇಂಟೆಲ್ ಕಾರ್ಡುಗಳ ಡ್ರೈವರ್ ಕರ್ನೆಲ್ಲಿನ ಒಳಗೇ ಇರುತ್ತದೆ, ಕರ್ನೆಲ್ ಬದಲಾದರೆ ಜೊತೆಗೇ ಅದೂ ಬದಲಾಗುತ್ತದೆ. ಎನ್‌ವಿಡಿಯಾಕ್ಕೆ ಎರಡು ಡ್ರೈವರುಗಳಿವೆ. ಒಂದು ನೂವೋ, ಕಂಪನಿಯ ಒಳಗುಟ್ಟು ಸಿಗದಿದ್ದಾಗ ಕಾರ್ಡಿನ ನಡವಳಿಕೆಯನ್ನೇ ಗಮನಿಸಿ ಸ್ವಯಂಸೇವಕರು ಬರೆದು ಬೆಳೆಸಿದ ಡ್ರೈವರ್ ಇದು, ಕರ್ನೆಲ್ಲಿನೊಳಗೇ ಇದೆ. ಇನ್ನೊಂದು ಕಂಪನಿಯದೇ ಡ್ರೈವರ್. ಇದು ಕರ್ನೆಲ್ಲಿನ ಹೊರಗಿನದು. ಲಿನಕ್ಸ್ ಕರ್ನೆಲ್ ತನ್ನ ಒಳಗಿನ ಜೋಡಣೆಯನ್ನು ಒಂದೇ ರೀತಿ ಇಟ್ಟುಕೊಳ್ಳುವ ಭರವಸೆ ಕೊಡುವುದಿಲ್ಲವಾದ್ದರಿಂದ, ಪ್ರತಿ ಹೊಸ ಕರ್ನೆಲ್ಲಿಗೂ ಆ ಹೊರಗಿನ ಮಾಡ್ಯೂಲನ್ನು, ಎಂದರೆ ಡ್ರೈವರಿನ ತುಣುಕನ್ನು, ಹೊಸದಾಗಿ ಕಂಪೈಲ್ ಮಾಡಬೇಕಾಗುತ್ತದೆ, ಅಂದರೆ ಆ ಕರ್ನೆಲ್ಲಿಗೆ ತಕ್ಕಂತೆ ಕಟ್ಟಬೇಕಾಗುತ್ತದೆ. ಈ ಕೆಲಸವನ್ನು ಡಿಕೆಎಂಎಸ್ ಎಂಬ ವ್ಯವಸ್ಥೆ ಹಿನ್ನೆಲೆಯಲ್ಲಿ ತಾನೇ ಮಾಡುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ಕೆಲವು ನಿಮಿಷಗಳೇ ಬೇಕು. ‘ನಾನು ಯಾವ ಅಪ್‌ಡೇಟೂ ಮಾಡಿರಲಿಲ್ಲ’ ಎಂದು ನೀವು ಬರೆದಿದ್ದೀರಿ, ಅದು ನಿಜವೇ ಇರಬೇಕು. ಉಬುಂಟು ಭದ್ರತೆಯ ಅಪ್‌ಡೇಟುಗಳನ್ನು, ಅವುಗಳಲ್ಲಿ ಹೊಸ ಕರ್ನೆಲ್ಲನ್ನೂ ಸೇರಿಸಿ, ಕೇಳದೆಯೇ ಹಾಕಿಕೊಳ್ಳುತ್ತದೆ. ಅದು ಹಾಕಿಕೊಳ್ಳುತ್ತಿರುವಾಗಲೇ ಕರೆಂಟು ಹೋದರೆ ಹೊಸ ಕರ್ನೆಲ್ ಬಂದಿರುತ್ತದೆ, ಅದಕ್ಕೆ ತಕ್ಕ ಡ್ರೈವರ್ ಆಗಿರುವುದಿಲ್ಲ. ನಿಮ್ಮಲ್ಲಿ ಆಗಿರುವುದು ಬಹುತೇಕ ಇದೇ.

ಈಗ ಊಹೆ ಬಿಟ್ಟು ಕಣ್ಣಾರೆ ನೋಡೋಣ. ಮೊದಲು ಮಾನಿಟರಿನ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೋ, ಮದರ್‌ಬೋರ್ಡಿನ ಕಿಂಡಿಗೆ ಸೇರಿದೆಯೋ ನೋಡಿಕೊಳ್ಳಿ. ಧೂಳು ಒರೆಸಲು ಬಿಚ್ಚಿದವರು ತಪ್ಪು ಕಿಂಡಿಗೆ ಸಿಕ್ಕಿಸಿದ್ದನ್ನು ನಾನು ಕಂಡಿದ್ದೇನೆ. ಬಳಿಕ ಕಮಾಂಡು ಟೈಪು ಮಾಡುವ ಕಿಟಕಿಯಾದ ಟರ್ಮಿನಲ್ ತೆರೆಯಿರಿ. ಪರದೆ ಪೂರ್ತಿ ಕಪ್ಪಾಗಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಲಾಗಿನ್ ಸಿಗುತ್ತದೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು. ‘ಎಲ್‌ಎಸ್‌ಪಿಸಿಐ’ ಎಂಬ ಐದಕ್ಷರ, ಒಂದು ಸ್ಪೇಸ್, ಒಂದು ಸಣ್ಣ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ‘ಎನ್‌ಎನ್‌ಕೆ’ ಎಂದು ಹೊಡೆದು ಎಂಟರ್ ಒತ್ತಿ. ಉದ್ದನೆಯ ಪಟ್ಟಿಯಲ್ಲಿ ‘ವಿಜಿಎ’ ಎಂದು ಇರುವ ಸಾಲನ್ನು ಹುಡುಕಿ. ಅದರ ಕೆಳಗೆ ಎರಡು ಸಾಲು ಮುಖ್ಯ: ‘ಕರ್ನೆಲ್ ಮಾಡ್ಯೂಲ್ಸ್’ ಎಂಬುದು ಈ ಕಾರ್ಡಿಗೆ ಯಾವ ಡ್ರೈವರುಗಳು ಒದಗಬಲ್ಲವು ಎಂದು ಹೇಳುತ್ತದೆ, ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬುದು ಈ ಕ್ಷಣ ಯಾವುದು ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ. ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಸಾಲು ಇಲ್ಲವೇ ಇಲ್ಲ ಎಂದಾದರೆ ಕಾರ್ಡಿಗೆ ಯಾವ ಡ್ರೈವರೂ ಅಂಟಿಕೊಂಡಿಲ್ಲ, ಬಯಾಸ್ ಕೊಟ್ಟ ಚಿತ್ರವನ್ನೇ ಪರದೆ ತೋರಿಸುತ್ತಿದೆ. 1024×768 ಎಂಬ ಅಂಕಿ ಅಲ್ಲಿಂದ ಬರುವುದು.

ಆ ‘ವಿಜಿಎ’ ಸಾಲಿನಲ್ಲಿ ಇನ್ನೊಂದು ಗುರುತು ಇದೆ, ನಿಮ್ಮ ಮುಂದಿನ ದಾರಿಯೆಲ್ಲ ಅದರ ಮೇಲೆ ನಿಂತಿದೆ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ತಲೆಮಾರಿನ ಚಿಪ್ಪುಗಳು ಮಾರಾಟವಾಗಿವೆ. ಸಾಲಿನಲ್ಲಿ ‘ಜಿಕೆ208’ ಎಂದಿದ್ದರೆ ಅದು ಕೆಪ್ಲರ್ ತಲೆಮಾರಿನದು, ಅದಕ್ಕೆ 470 ಸಂಖ್ಯೆಯ ಡ್ರೈವರ್ ಬೇಕು. ‘ಜಿಎಫ್108’ ಎಂದಿದ್ದರೆ ಫರ್ಮಿ, ಅದಕ್ಕೆ 390 ಬೇಕು. ಡಬ್ಬಿಯ ಮೇಲೂ ಬಿಲ್ಲಿನ ಮೇಲೂ ಈ ವ್ಯತ್ಯಾಸ ಸಾಮಾನ್ಯವಾಗಿ ಕಾಣುವುದಿಲ್ಲ. ಜಾಲತಾಣದಿಂದ ಇಳಿಸಿದ ಫೈಲು ಅರ್ಧಕ್ಕೆ ನಿಂತದ್ದಕ್ಕೂ ಇದೇ ಕಾರಣವಿರಬಹುದು. ಹೊಸ ಸಂಖ್ಯೆಯ ಡ್ರೈವರುಗಳಲ್ಲಿ ಈ ಎರಡೂ ಚಿಪ್ಪುಗಳಿಗೆ ಜಾಗವಿಲ್ಲ. ಜಿಎಫ್108 ಇದ್ದರೆ ನನ್ನ ಸಲಹೆ ಸ್ಪಷ್ಟವಾಗಿದೆ: 390 ಡ್ರೈವರಿಗೆ ಕಂಪನಿ 2022ರ ಕೊನೆಗೇ ಬೆಂಬಲ ನಿಲ್ಲಿಸಿದೆ, ಉಬುಂಟು 24.04ರ ತಂತ್ರಾಂಶ ಭಂಡಾರದಲ್ಲಿ ಅದು ಇಲ್ಲ, ಅದರ ಬೆನ್ನು ಹತ್ತಬೇಡಿ. ನೂವೋ ಸಾಕು. ಆಟಗಳಿಗೆ ಅದು ನಿಧಾನವೇ, ಆದರೆ ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳಲ್ಲಿ ಪತ್ರಿಕೆ ಜೋಡಿಸುವ ಕೆಲಸಕ್ಕೆ 1920×1080 ಪರದೆಯನ್ನು ಅದು ನೆಮ್ಮದಿಯಾಗಿ ಕೊಡುತ್ತದೆ.

ಇನ್ನು ಸ್ವಚ್ಛಗೊಳಿಸುವ ಕೆಲಸ. ಕರೆಂಟು ಹೋಗಿ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಮೊದಲು ಮುಗಿಸಬೇಕು: ‘ಸುಡೋ ಡಿಪಿಕೆಜಿ’ ಎಂದು ಹೊಡೆದು, ಸ್ಪೇಸ್ ಬಿಟ್ಟು, ಎರಡು ಅಡ್ಡಗೆರೆ, ಅವಕ್ಕೆ ಅಂಟಿಕೊಂಡು ‘ಕಾನ್ಫಿಗರ್’, ಮತ್ತೆ ಸ್ಪೇಸ್, ಒಂದು ಅಡ್ಡಗೆರೆ ಮತ್ತು ‘ಎ’. ಅದು ತಾನಾಗಿ ಮುಗಿಯುವವರೆಗೆ ಬೇರೆ ಏನೂ ಮುಟ್ಟಬೇಡಿ. ಪರದೆ ಕೆಲ ನಿಮಿಷ ಸುಮ್ಮನಿದ್ದರೂ ಒಳಗೆ ಮಾಡ್ಯೂಲ್ ಕಂಪೈಲ್ ಆಗುತ್ತಿರುತ್ತದೆ. ಇನ್ವರ್ಟರ್ ಅಥವಾ ಯುಪಿಎಸ್ ಇದ್ದರೆ ಅದಕ್ಕೆ ಜೋಡಿಸಿಯೇ ಇದನ್ನು ಮಾಡಿ. ಎಷ್ಟೋ ಸಲ ಈ ಒಂದು ಹೆಜ್ಜೆಗೇ ಪರದೆ ಸರಿಯಾಗಿದೆ. ಆಮೇಲೆ ಜಾಲತಾಣದ ಫೈಲಿನ ಉಳಿಕೆ ತೆಗೆಯಬೇಕು. ‘ಸುಡೋ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಎಂದು ಹೊಡೆಯಿರಿ. ಅಂಥ ಕಮಾಂಡೇ ಇಲ್ಲ ಎಂಬ ಉತ್ತರ ಬಂದರೆ ಒಳ್ಳೆಯದೇ, ಅದು ಏನನ್ನೂ ಹಾಕುವ ಮೊದಲೇ ನಿಂತಿದೆ ಎಂದರ್ಥ. ಆದರೆ ಅಷ್ಟಕ್ಕೇ ಬಿಡಬೇಡಿ. ಆ ಫೈಲು ತನಗೆ ಅಡ್ಡಿಯಾಗದಿರಲೆಂದು ನೂವೋ ಏಳದಂತೆ ತಡೆಯುವ ಒಂದು ಚೀಟಿಯನ್ನು ಬರೆದಿಟ್ಟಿರುತ್ತದೆ. ‘ಇಟಿಸಿ’ ಫೋಲ್ಡರಿನ ಒಳಗಿರುವ ‘ಮೋಡ್‌ಪ್ರೋಬ್.ಡಿ’ಯಲ್ಲಿ, ಅಲ್ಲಿ ಇಲ್ಲದಿದ್ದರೆ ‘ಯುಎಸ್‌ಆರ್’ನ ‘ಲಿಬ್’ ಒಳಗಿರುವ ಅದೇ ಹೆಸರಿನ ಫೋಲ್ಡರಿನಲ್ಲಿ, ‘ಎನ್‌ವಿಡಿಯಾ-ಇನ್‌ಸ್ಟಾಲರ್-ಡಿಸೇಬಲ್-ನೂವೋ’ ಎಂದು ಶುರುವಾಗುವ ಫೈಲು ಇದ್ದರೆ ಅಳಿಸಿ. ಕಂಪನಿಯ ಡ್ರೈವರೂ ಕೂಡಲಿಲ್ಲ, ನೂವೋಗೂ ತಡೆ ಬಿದ್ದಿದೆ ಎಂಬ ಸ್ಥಿತಿಯಲ್ಲಿ ಹಳೆಯ ಕರ್ನೆಲ್ಲಿನಲ್ಲೂ ಪರದೆ ಸರಿಯಾಗುವುದಿಲ್ಲ, ಮೇಲೆ ನಾನು ಅನುಮಾನಪಟ್ಟದ್ದು ಇದನ್ನೇ. ‘ಇಟಿಸಿ’ಯ ‘ಎಕ್ಸ್11’ ಫೋಲ್ಡರಿನಲ್ಲಿ ‘ಎಕ್ಸ್‌ಆರ್ಗ್.ಕಾನ್ಫ್’ ಎಂಬ ಫೈಲು ಹೊಸದಾಗಿ ಹುಟ್ಟಿದ್ದರೆ ಅದರ ಹೆಸರು ಬದಲಿಸಿ ಪಕ್ಕಕ್ಕಿಡಿ. ಈಗಿನ ಉಬುಂಟುವಿಗೆ ಅದು ಬೇಕಾಗಿಲ್ಲ. ಕೊನೆಗೆ ‘ಸುಡೋ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂದು ಹೊಡೆದು, ಸ್ಪೇಸ್ ಬಿಟ್ಟು, ಅಡ್ಡಗೆರೆ ಮತ್ತು ‘ಯು’ ಸೇರಿಸಿ.

ಜಿಕೆ208 ಇರುವವರು ಇದಾದ ಮೇಲೆ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ತೆರೆದು 470 ಇರುವ ಸಾಲನ್ನು ಆರಿಸಿದರೆ ಸಾಕು. ಟರ್ಮಿನಲ್ಲಿನಲ್ಲಿಯೇ ಮಾಡುವುದಾದರೆ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಎಂಬ ಕಮಾಂಡು ನಿಮ್ಮ ಕಾರ್ಡಿಗೆ ಹೊಂದುವ ಡ್ರೈವರುಗಳನ್ನಷ್ಟೇ ತೋರಿಸಿ, ಶಿಫಾರಸು ಮಾಡಿದ್ದರ ಮುಂದೆ ‘ರೆಕಮೆಂಡೆಡ್’ ಎಂದು ಬರೆದಿರುತ್ತದೆ. ಭಂಡಾರದಿಂದ ಬಂದ ಡ್ರೈವರು ಮುಂದಿನ ಕರ್ನೆಲ್ಲಿನ ಜೊತೆಗೂ ತಾನೇ ಹೊಂದಿಕೊಳ್ಳಲು ಪ್ರಯತ್ನಿಸುತ್ತದೆ. ಕೈಯಾರೆ ಇಳಿಸಿ ಹಾಕಿದ್ದು ಸಾಮಾನ್ಯವಾಗಿ ಮುಂದಿನ ಕರ್ನೆಲ್ ಬಂದ ದಿನವೇ ಕೈಕೊಡುತ್ತದೆ. ಅಂಗಡಿಯ ಕಂಪ್ಯೂಟರಿಗೆ ಆ ಅಪಾಯ ಬೇಡವೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಹಿ ಇಲ್ಲದ ಡ್ರೈವರುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಇರುವ ಕಂಪ್ಯೂಟರಾದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಬಹುದು; ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದರೆ ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಚಹಾ ತರಲು ಹೋಗಿ ಆ ಹತ್ತು ಸೆಕೆಂಡು ತಪ್ಪಿದರೆ ಡ್ರೈವರ್ ಇದ್ದರೂ ಕರ್ನೆಲ್ ಅದನ್ನು ಒಳಗೆ ಬಿಡುವುದಿಲ್ಲ. ಲಾಗಿನ್ ಪರದೆಯ ಮೂಲೆಯಲ್ಲಿರುವ ಚಕ್ರದ ಗುರುತನ್ನು ಒತ್ತಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿಕೊಳ್ಳಿ, 470ಕ್ಕೆ ವೇಲ್ಯಾಂಡ್ ಎಂಬ ಇನ್ನೊಂದು ಪರದೆ ವ್ಯವಸ್ಥೆಗಿಂತ ಅದೇ ಹೊಂದುತ್ತದೆ.

ಇಷ್ಟೆಲ್ಲ ಮಾಡಿದರೂ ‘ಡ್ರೈವರ್ ಇನ್ ಯೂಸ್’ ಸಾಲು ಕಾಣದೆಯೇ ಉಳಿದರೆ ಒಂದು ಪದವನ್ನು ಹುಡುಕಿ. ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಒಂದು ಡಿಟಿಪಿ ಅಂಗಡಿಗೆ ಪ್ರಿಂಟರಿನ ಕೆಲಸಕ್ಕೆಂದು ಹೋಗಿದ್ದೆ. 22 ಇಂಚಿನ ಮಾನಿಟರಿನಲ್ಲಿ ಅಕ್ಷರಗಳು ಅಡ್ಡಡ್ಡ ಹಿಗ್ಗಿ, ಗಣಪತಿಯ ಚಿತ್ರ ಅಗಲಕ್ಕೆ ಎಳೆದಂತೆ ಕಾಣುತ್ತಿತ್ತು. ಮೌಸ್ ಎಳೆದರೆ ಪತ್ರಿಕೆಯ ಅಂಚು ಎರಡು ಕ್ಷಣ ತಡೆದು ಹಿಂದೆ ಬರುತ್ತಿತ್ತು. ಅಂಗಡಿಯವರು, ‘ಹಾಕ್ಸಿದಾಗಿಂದ ಹಿಂಗೇ ಅದರೀ ಸರ, ಲಿನಕ್ಸ್ ಅಂದ್ರ ಹಿಂಗೇ ಇರ್ತದೇನೋ ಅಂತ ಸುಮ್ಮನ ಬಿಟ್ಟೀನಿ’ ಎಂದರು. ‘ಇಟಿಸಿ’ಯ ‘ಡೀಫಾಲ್ಟ್’ ಫೋಲ್ಡರಿನಲ್ಲಿರುವ ‘ಗ್ರಬ್’ ಫೈಲು ತೆರೆದು ನೋಡಿದರೆ ‘ಕ್ವೈಟ್ ಸ್ಪ್ಲ್ಯಾಶ್’ ಎಂಬುದರ ಪಕ್ಕದಲ್ಲಿ ‘ನೋಮೋಡ್‌ಸೆಟ್’ ಎಂಬ ಪದ ಕೂತಿತ್ತು. ಉಬುಂಟು ಹಾಕುವಾಗ ‘ಸೇಫ್ ಗ್ರಾಫಿಕ್ಸ್’ ಆರಿಸಿದರೆ ಈ ಪದ ಸೇರಿಕೊಳ್ಳಬಹುದು. ಇದು ಇರುವವರೆಗೆ ನೂವೋ ಕಾರ್ಡನ್ನು ವಹಿಸಿಕೊಳ್ಳುವುದೇ ಇಲ್ಲ, ಚಿತ್ರದ ಲೆಕ್ಕವನ್ನೆಲ್ಲ ಪ್ರೊಸೆಸರ್ ಒಂದೇ ಹೊರುತ್ತದೆ. ಪರದೆ ಕಪ್ಪಾದಾಗ ಒಂದು ಸಲ ಒಳಗೆ ಹೋಗಲು ಅದು ಒಳ್ಳೆಯ ಉಪಾಯ, ಅಲ್ಲಿಯೇ ಬಿಟ್ಟರೆ ಕಾಲಿಗೆ ಬೇಡಿ. ಆ ಪದವನ್ನು ಅಳಿಸಿ, ‘ಸುಡೋ ಅಪ್‌ಡೇಟ್-ಗ್ರಬ್’ ಹೊಡೆದು, ರೀಸ್ಟಾರ್ಟ್ ಮಾಡಿದೆ. ಪರದೆ ಬಂದಾಗ ಅವರು ಏನೂ ಮಾತಾಡದೆ ಹಿಂದಿನ ದಿನ ಮಾಡಿದ್ದ ಪತ್ರಿಕೆಯನ್ನೇ ತೆರೆದು, ಅದರ ಅಂಚಿನ ಬಳ್ಳಿಯನ್ನು ಹತ್ತಿರದಿಂದ ನೋಡುತ್ತ ಕೂತರು. ಒಂದು ಪದದಿಂದಾಗಿ ಒಬ್ಬರು ಇಷ್ಟು ಕಾಲ ಕಣ್ಣು ನೋಯಿಸಿಕೊಂಡು ದುಡಿದರಲ್ಲ ಎಂದು ನನಗೆ ಬಹಳ ನೋವಾಯಿತು. ಈ ಉತ್ತರ ಇಷ್ಟು ಉದ್ದವಾಗಲು ಅದೂ ಒಂದು ಕಾರಣ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಮಧ್ಯಾಹ್ನದ ಹೊತ್ತು ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಬರುತ್ತವೆ ಎಂದೂ ಬರೆದಿದ್ದೀರಿ. ಅದನ್ನು ಡ್ರೈವರಿನ ಲೆಕ್ಕಕ್ಕೆ ಸೇರಿಸಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಜಿಟಿ 730ರ ಹಲವು ಮಾದರಿಗಳಿಗೆ ಫ್ಯಾನೇ ಇರುವುದಿಲ್ಲ, ಅಲ್ಯೂಮಿನಿಯಂ ರೆಕ್ಕೆಗಳಷ್ಟೇ ಇರುತ್ತವೆ, ಅವುಗಳ ನಡುವೆ ಧೂಳು ತುಂಬಿದರೆ ಬಿಸಿ ಹೊರಬರಲು ದಾರಿಯಿಲ್ಲ. ಕಂಪನಿಯ ಡ್ರೈವರ್ ಕೂತ ಮೇಲೆ ‘ಎನ್‌ವಿಡಿಯಾ-ಎಸ್‌ಎಂಐ’ ಎಂದು ಹೊಡೆದರೆ ಕಾರ್ಡಿನ ಶಾಖ ಡಿಗ್ರಿಯಲ್ಲೇ ಕಾಣುತ್ತದೆ. ಬೆಳಿಗ್ಗೆ ಅಂಗಡಿ ತೆರೆದಾಗ ಒಮ್ಮೆ, ಮಧ್ಯಾಹ್ನ ಚುಕ್ಕೆ ಬಂದಾಗ ಒಮ್ಮೆ ನೋಡಿ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಮೃದುವಾದ ಬ್ರಷ್ಷಿನಿಂದ ಆ ರೆಕ್ಕೆಗಳನ್ನು ಝಾಡಿಸಿದ ಮೇಲೆ ಅದೇ ಹೊತ್ತಿಗೆ ಮತ್ತೆ ನೋಡಿ. ಅಂಕಿ ಇಳಿದು ಚುಕ್ಕೆ ನಿಂತರೆ ಕಾರ್ಡು ಉಳಿಯಿತು. ಇಳಿದ ಮೇಲೂ ಚುಕ್ಕೆ ಬರುತ್ತಿದ್ದರೆ ‘ಎಲ್‌ಎಸ್‌ಪಿಸಿಐ’ ಕೊಟ್ಟ ಆ ಮೂರು ಸಾಲುಗಳ ಜೊತೆಗೆ ಅಂಕಿಗಳನ್ನೂ ಇಲ್ಲಿಯೇ ಬರೆಯಿರಿ, ನೋಡಿ ಹೇಳುತ್ತೇನೆ.