ಓದುಗರ ಪ್ರಶ್ನೆ: ಅತ್ತೆ-ಮಾವನ್ನ ಕರ್ಕೊಂಡು ಜಪಾನಿಗೆ

ಪ್ರಶ್ನೆ: ನಮ್ದು ಶಿರಸಿ ಹತ್ರ, ಈಗ ಸಿಂಗಾಪುರದಲ್ಲಿದೀವಿ. ನವೆಂಬರ್ ಕೊನೆಗೆ ಮಕ್ಕಳಿಗೆ ರಜೆ, ಆಗ ಊರಿಂದ ಅತ್ತೆ-ಮಾವನ್ನೂ ಕರೆಸ್ಕೊಂಡು ಒಂದು ವಾರ ಜಪಾನ್ ನೋಡೋಣ ಅಂತ ಆಸೆ. ಟೋಕಿಯೋ, ಕ್ಯೋಟೋ, ಒಸಾಕಾ, ಹಿರೋಶಿಮಾ ಎಲ್ಲಾ ಆಗತ್ತಾ? ಅವ್ರು ಶುದ್ಧ ಸಸ್ಯಾಹಾರಿ, ಮಾವಂಗೆ ಬಿಪಿ ಮಾತ್ರೆ ಇದೆ, ಎಲೆ-ಅಡಿಕೆ ಕವಳ ಬೇಕೇ ಬೇಕು. ಮಕ್ಕಳಿಗೆ ಏಳು, ನಾಲ್ಕು ವರ್ಷ.
— ಶಿರಸಿಯ ಸೊಸೆ

ಉತ್ತರ: ಆಗತ್ತೆ, ಆದ್ರೆ ಮಾಡ್ಬೇಡಿ. ವಾರ ಪೂರ್ತಿ ಒಸಾಕಾದಲ್ಲೇ ಇರಿ, ಒಂದೇ ರೂಮು, ಸಣ್ಣ ಅಡುಗೆಮನೆ ಇರೋದು, ನಂಬಾ ಏರಿಯಾದಲ್ಲಿ ನೋಡಿ. ಕನ್ಸಾಯ್ ಏರ್‌ಪೋರ್ಟಿಂದ ನನ್ಕಾಯ್ ರೈಲು ಸೀದಾ ನಂಬಾಕ್ಕೇ ಬರತ್ತೆ, ಲಗೇಜು ಎಳ್ಕೊಂಡು ಗಾಡಿ ಬದಲಿಸೋ ಕಷ್ಟ ಇಲ್ಲ. ಒಸಾಕಾ ಸ್ಟೇಷನ್ನಿಂದ ಕ್ಯೋಟೋ ರೈಲಲ್ಲಿ ಅರ್ಧ ಗಂಟೆ ಅಷ್ಟೇ, ಬೆಳಿಗ್ಗೆ ಹೋಗಿ ಸಂಜೆ ಬನ್ನಿ, ನವೆಂಬರ್ ಕೊನೆ ಅಂದ್ರೆ ಅಲ್ಲಿ ಮೇಪಲ್ ಎಲೆ ಕೆಂಪಾಗೋ ಟೈಮು. ಜಪಾನ್ ಪೂರ್ತಿ ಸುತ್ತೋ ಏಳು ದಿನದ ರೈಲ್ ಪಾಸ್ 2023ರ ಅಕ್ಟೋಬರಲ್ಲೇ 50,000 ಯೆನ್‌ಗೆ ಏರಿತ್ತು, ಹೀಗೆ ಸುತ್ತೋರಿಗೆ ಅದು ದಂಡ. ದೊಡ್ಡವನಿಗೆ ರೈಲಲ್ಲಿ ಅರ್ಧ ಟಿಕೆಟ್, ಚಿಕ್ಕದಕ್ಕೆ ಫ್ರೀ.

ನಾರಾ ಮಾತ್ರ ತಪ್ಪಿಸ್ಬೇಡಿ, ಅತ್ತೆ-ಮಾವನ ಸಲುವಾಗಿ ಹೇಳ್ತಾ ಇದೀನಿ. ನಂಬಾದಿಂದ ಕಿಂತೆತ್ಸು ರೈಲಲ್ಲಿ ನಲವತ್ತು ನಿಮಿಷ. ತೋದಾಯ್‌ಜಿ ದೇವಸ್ಥಾನದ ದೊಡ್ಡ ಬುದ್ಧ ಸುಮಾರು 15 ಮೀಟರ್ ಎತ್ತರ, 752ರಲ್ಲಿ ಅದಕ್ಕೆ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನೋ ಭಿಕ್ಷು, ಇದನ್ನ ಮಾವಂಗೆ ಮೊದ್ಲೇ ಹೇಳಿ ಕರ್ಕೊಂಡು ಹೋಗಿ, ಅವ್ರು ನೋಡೋ ರೀತಿನೇ ಬೇರೆ ಆಗತ್ತೆ. ಮಕ್ಕಳಿಗೆ ಹೊರಗೆ ಜಿಂಕೆ ಇವೆ. ಅದೇ ದಾರಿಯಲ್ಲಿ ಇಕೋಮಾ ಅಂತ ಸ್ಟೇಷನ್, ಅಲ್ಲಿಂದ ಗುಡ್ಡ ಹತ್ತೋ ಕೇಬಲ್ ಕಾರು, 1918ರದ್ದು, ಜಪಾನಿನಲ್ಲೇ ಮೊದಲನೇದು. ಮೇಲೆ ಹೋಝಾನ್‌ಜಿ ಅನ್ನೋ ದೇವಸ್ಥಾನ, ಅಲ್ಲಿ ಕಾಂಗಿತೆನ್ ಅಂತ ಪೂಜೆ ಮಾಡೋದು ನಮ್ಮ ಗಣಪತಿಯನ್ನೇ, ಮೂರ್ತಿ ಮಾತ್ರ ಯಾರಿಗೂ ತೋರಿಸಲ್ಲ. ಇಡಗುಂಜಿಗೆ ನಡ್ಕೊಳ್ಳೋ ಮನೆಯವ್ರಾದ್ರೆ ಅಷ್ಟು ದೂರದಲ್ಲೂ ಗಣಪತಿ ಇದಾನೆ ಅಂತ ಎಷ್ಟು ಖುಷಿ ಪಡ್ತಾರೆ ನೋಡಿ. ಮೆಟ್ಟಿಲು ಜಾಸ್ತಿ, ಮೊಣಕಾಲು ನೋವಿದ್ರೆ ಬಿಟ್ಬಿಡಿ.

ಇನ್ನು ಊಟ, ಇದೇ ದೊಡ್ಡ ವಿಷ್ಯ. ಮಾಂಸ ಇಲ್ಲ ಅಂದ್ರೂ ಸಾಲಲ್ಲ, ಮಿಸೋ ಸೂಪು, ಉದೋನ್, ಸಾಸು ಎಲ್ಲದಕ್ಕೂ ದಾಶಿ ಅಂತ ಸಾರು ಹಾಕ್ತಾರೆ, ಹೆಚ್ಚಿನ ಕಡೆ ಅದು ಕತ್ಸುಒಬುಶಿ ಅನ್ನೋ ಒಣಮೀನಿಂದು, ತರಕಾರಿ ಮಾತ್ರ ಕಂಡ್ರೂ ಒಳಗೆ ಮೀನಿರತ್ತೆ. ಹಾಗಾಗಿ ‘ಕತ್ಸುಒಬುಶಿ ಇದ್ಯಾ’ ಅಂತ್ಲೇ ಜಪಾನಿ ಭಾಷೆಯಲ್ಲಿ ಬರೆಸಿದ ಚೀಟಿ ಇಟ್ಕೊಳ್ಳಿ. ಕ್ಯೋಟೋದ ಕೆಲವು ದೇವಸ್ಥಾನಗಳಲ್ಲಿ ಶೋಜಿನ್ ರ್‍ಯೋರಿ ಸಿಗತ್ತೆ, ಭಿಕ್ಷುಗಳ ಊಟ, ಮೀನು-ಮಾಂಸ ಇಲ್ಲ, ಈರುಳ್ಳಿ-ಬೆಳ್ಳುಳ್ಳಿನೂ ಇಲ್ಲ, ದುಬಾರಿ ಆದ್ರೂ ಅತ್ತೆಗೆ ಒಂದ್ಸಲ ಉಣ್ಣಿಸಿ. ಉಳಿದ ದಿನ ರೂಮಲ್ಲೇ ಅನ್ನ, ಅಂಗಡಿಯ ಮೊಸರು, ನೀವು ತಂದ ಅವಲಕ್ಕಿ ಚಟ್ನಿಪುಡಿ. ಮನೆ ಕರೆಂಟ್ ಕುಕ್ಕರ್ ಒಯ್ಯಬೇಡಿ, ಅಲ್ಲಿ ಕರೆಂಟು 100 ವೋಲ್ಟು, ನಮ್ದು ಸರಿಯಾಗಿ ಬಿಸಿನೇ ಆಗಲ್ಲ.

ಮಾತ್ರೆ ಒಂದು ತಿಂಗಳ ಮಟ್ಟಿಗೆ ಸ್ಟ್ರಿಪ್ಪಲ್ಲೇ, ಡಾಕ್ಟರ ಚೀಟಿ ಸಮೇತ ಒಯ್ಯಿರಿ. ನೆಗಡಿ ಮಾತ್ರೆ ಚೆಕ್ ಮಾಡಿ, ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಜಾಸ್ತಿ ಇದ್ರೆ ಅಲ್ಲಿ ನಿಷೇಧ. ಹಸಿ ವೀಳ್ಯದೆಲೆಗೆ ಸಸ್ಯ ತಪಾಸಣೆ ಸರ್ಟಿಫಿಕೇಟ್ ಕೇಳ್ತಾರೆ, ಆ ವಾರ ಕವಳ ಇಲ್ಲ ಅಂತ ಮಾವಂಗೆ ಈಗ್ಲೇ ಹೇಳಿಬಿಡಿ.

ಅತ್ತೆ-ಮಾವನ ಜಪಾನ್ ವೀಸಾ ಭಾರತದಿಂದ್ಲೇ ಆಗ್ಬೇಕು, ಸಿಂಗಾಪುರದ್ದೂ ಬೇರೆ ಬೇಕು, ನಿಮಗೆ ಅಲ್ಲಿಂದ್ಲೇ ಇ-ವೀಸಾ ಇದೆ. ಅದನ್ನ ಏರ್‌ಪೋರ್ಟಲ್ಲಿ ಫೋನಲ್ಲಿ ಇಂಟರ್ನೆಟ್ ಆನ್ ಇಟ್ಕೊಂಡೇ ತೋರಿಸ್ಬೇಕು, ಸ್ಕ್ರೀನ್‌ಶಾಟ್ ಪ್ರಿಂಟು ಒಪ್ಪಲ್ಲ.

ಪ್ರಶ್ನೆ: ನಾವು ಕಾರವಾರದವ್ರು, ದುಬೈಲಿ ಇದೀವಿ. ಜುಲೈ ರಜೆಗೆ ಮಕ್ಕಳ ಜೊತೆ ಒಸಾಕಾ ಸರಿನಾ?

ಉತ್ತರ: ಜುಲೈ ನಡುವಿನ ತನಕ ಅಲ್ಲೂ ಮಳೆಗಾಲ, ಆಮೇಲೆ ಬೆವರು ಸುರಿಯೋ ಸೆಕೆ. ಮಾರ್ಚ್ ಕೊನೆ ಆದ್ರೆ ಚೆರಿ ಹೂವು ಸಿಗತ್ತೆ, ರೂಮ್ ರೇಟು ಮಾತ್ರ ಏರಿರತ್ತೆ. ಜುಲೈನೇ ಅಂದ್ರೆ ಮಧ್ಯಾಹ್ನ ಕೈಯೂಕಾನ್ ಅಕ್ವೇರಿಯಂ ಒಳಗೆ ಕಳೀರಿ, ತಿಮಿಂಗಿಲ ಶಾರ್ಕ್ ಇದೆ. ಮೀನು ತಿನ್ನೋರಿಗೆ ಊಟದ ಚಿಂತೆ ಇಲ್ಲ, ನಂಬಾ ಪಕ್ಕದ ಕುರೊಮೊನ್ ಮಾರ್ಕೆಟ್‌ಗೆ ಹೋಗಿ, ಹೋಟೆಲಲ್ಲಿ ಸಾಬಾ ಶಿಯೋಯಾಕಿ ಕೇಳಿ, ನಮ್ಮ ಬಂಗಡೆ ಜಾತಿದೇ, ಉಪ್ಪು ಹಚ್ಚಿ ಸುಟ್ಟಿದ್ದು.