ನಿಮ್ಮ ‘ನೋಪ್’ ಲೇಖನದ ಬಗ್ಗೆ

ನಮಸ್ಕಾರ. ಪ್ರೊಸೆಸರ್‌ಗೆ ‘ಏನೂ ಮಾಡಬೇಡ’ ಎಂದು ಹೇಳುವ ನೋಪ್ ಆದೇಶದ ಬಗ್ಗೆ ನೀವು ಕಳಿಸಿದ ಎಂಟು ಪುಟ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಬಿಟ್ಟುಬಿಡುವಂಥ ಬರಹವೂ ಅಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಶೂನ್ಯ, ಮೌನ, ಧ್ಯಾನ, ಅಲ್ಲಮ ಎಲ್ಲ ಬಂದರು, ನೋಪ್ ಮಾತ್ರ ಬರಲಿಲ್ಲ. ಐಟಿ ಲೇಖನಕ್ಕೆ ಅಲ್ಲಮನನ್ನು ಎಳೆತರುವವರು ಈಗಲೇ ಜಾಸ್ತಿ ಇದ್ದಾರೆ.

ಮೂರನೇ ಪುಟದಲ್ಲಿ ನೋಪ್ ಅನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಬಸ್ಸಿಗೆ ಹೋಲಿಸಿದ್ದೀರಿ. ಬೆಂಗಳೂರಿನವರು ನಗುತ್ತಾರೆ, ನಿಜ. ಆದರೆ ಹೋಲಿಕೆ ತಪ್ಪು. ನೋಪ್ ಬಂದಾಗ ಪ್ರೊಸೆಸರ್ ನಿಲ್ಲುವುದಿಲ್ಲ. ಬೇರೆ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ), ಫ್ಲ್ಯಾಗ್ (ಲೆಕ್ಕದ ಫಲ ಸೂಚಿಸುವ ಬಿಟ್) ಯಾವುದನ್ನೂ ಮುಟ್ಟದೆ, ಮುಂದಿನ ಆದೇಶ ಎಲ್ಲಿದೆ ಎಂದು ತೋರಿಸುವ ಪ್ರೋಗ್ರಾಂ ಕೌಂಟರ್ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಇಂಟರಪ್ಟ್, ಅಂದರೆ ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ, ಬರುವವರೆಗೆ ನಿಂತೇ ಇರುವುದು ಎಚ್‌ಎಲ್‌ಟಿ (ಹಾಲ್ಟ್) ಆದೇಶ. ಆ ಬಸ್ಸನ್ನು ಅದಕ್ಕೆ ಕೊಡಿ.

‘ನೋಪ್‌ಗೆ ಸಮಯವೇ ಹಿಡಿಯುವುದಿಲ್ಲ’ ಎಂಬ ಸಾಲನ್ನು ನೀವೇ ಆರನೇ ಪುಟದಲ್ಲಿ ಸುಳ್ಳು ಮಾಡಿದ್ದೀರಿ. ಎಸ್.ಪಿ. ರೋಡಿನಿಂದ 8051 ಎಂಬ ಮೈಕ್ರೋಕಂಟ್ರೋಲರ್ ಚಿಪ್‌ನ ಬೋರ್ಡ್ ತಂದು, ನೋಪ್ ಪೋಣಿಸಿ ವಿದ್ಯುತ್ ಪಲ್ಸ್‌ನ ಅಗಲ (ಅವಧಿ) ಹೊಂದಿಸಿದ್ದು ಅಲ್ಲೇ ಅಲ್ವಾ? 12 ಮೆಗಾಹರ್ಟ್ಸ್ ಕ್ರಿಸ್ಟಲ್ (ಸೆಕೆಂಡಿಗೆ 1.2 ಕೋಟಿ ಕ್ಲಾಕ್ ಮಿಡಿತ), ಹಳೆಯ 8051ರಲ್ಲಿ ಒಂದು ನೋಪ್‌ಗೆ 12 ಕ್ಲಾಕ್, ಅಂದರೆ ಸರಿಯಾಗಿ 1 ಮೈಕ್ರೋಸೆಕೆಂಡ್. ಲೇಖನದ ಜೀವ ಇಲ್ಲಿದೆ, ಇದಕ್ಕೆ ನಾಲ್ಕೇ ಸಾಲು ಕೊಟ್ಟಿದ್ದೀರಲ್ಲ! ಆಸಿಲೋಸ್ಕೋಪ್ ಪರದೆಯಲ್ಲಿ ಏನು ಕಂಡಿತು? ಇನ್ನೊಂದು ನೋಪ್ ಸೇರಿಸಿದಾಗ ಪಲ್ಸ್‌ನ ಅಂಚು ಎಷ್ಟು ಸರಿಯಿತು? ಅದನ್ನು ಬರೆಯಿರಿ. ಆದರೆ ಎಲ್ಲ ಚಿಪ್‌ಗೂ ಈ ಲೆಕ್ಕ ಹಚ್ಚಬೇಡಿ. ಆರ್ಮ್ ಕಾರ್ಟೆಕ್ಸ್-ಎಂ ಎಂಬ ಪ್ರೊಸೆಸರ್‌ಗಳ ಕೈಪಿಡಿಗಳಲ್ಲೇ ಎಚ್ಚರಿಕೆ ಇದೆ: ನೋಪ್‌ಗೆ ಸಮಯ ಹಿಡಿಯಲೇಬೇಕೆಂದಿಲ್ಲ, ಪ್ರೊಸೆಸರ್ ಅದನ್ನು ಪೈಪ್‌ಲೈನ್‌ನಲ್ಲೇ (ಆದೇಶಗಳು ಹಂತಹಂತವಾಗಿ ಸಾಗುವ ಸಾಲಿನಲ್ಲೇ) ತೆಗೆದುಹಾಕಬಹುದು.

ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಎಕ್ಸ್86 ಕುಟುಂಬದಲ್ಲಿ ನೋಪ್‌ನ ಕೋಡ್ ಹೆಕ್ಸ್ (ಹದಿನಾರರ ಎಣಿಕೆಯಲ್ಲಿ) 90, ಅದು ಎಎಕ್ಸ್ ಎಂಬ ರಿಜಿಸ್ಟರ್ ಅನ್ನು ಎಎಕ್ಸ್ ಜೊತೆಗೇ ಅದಲುಬದಲು ಮಾಡುವ ಆದೇಶ ಎಂದಿದ್ದೀರಿ. ಆ ಕುಟುಂಬದ ಮೊದಲ ಚಿಪ್ 8086ಕ್ಕೆ ಇದು ಸರಿ. ಮುಂದಿನ ಭಾಗವೇ ಚೆಂದ, ಅದನ್ನೇ ಬಿಟ್ಟಿದ್ದೀರಿ. 64 ಬಿಟ್‌ನ ಕಾಲಕ್ಕೆ ಹೊಸ ನಿಯಮ ಬಂತು. 32 ಬಿಟ್ ರಿಜಿಸ್ಟರ್‌ಗೆ ಏನೇ ಬರೆದರೂ ಮೇಲಿನ 32 ಬಿಟ್ ಸೊನ್ನೆಯಾಗುತ್ತದೆ. ಎಎಕ್ಸ್‌ನ 32 ಬಿಟ್ ರೂಪ ಇಎಎಕ್ಸ್, 64 ಬಿಟ್ ರೂಪ ಆರ್‌ಎಎಕ್ಸ್. ಆಗ ಇಎಎಕ್ಸ್ ಅನ್ನು ಇಎಎಕ್ಸ್ ಜೊತೆ ಬದಲಿಸಿದರೆ ಆರ್‌ಎಎಕ್ಸ್‌ನ ಅರ್ಧ ಅಳಿಸಿಹೋಗಬೇಕು! ಹಾಗಾಗಿ 90ಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಅದು ನಿಜಕ್ಕೂ ಏನೂ ಮಾಡದಂತೆ ನೋಡಿಕೊಂಡರು. ಇಂಥದ್ದು ಕೈಯಲ್ಲಿರುವಾಗ ಧ್ಯಾನ ಯಾಕೆ ಬೇಕು?

ರಿಸ್ಕ್-ವಿ ಎಂಬ ಮುಕ್ತ ಪ್ರೊಸೆಸರ್ ವಿನ್ಯಾಸದಲ್ಲಿ ಸೊನ್ನೆಗೆ ಸೊನ್ನೆ ಕೂಡಿಸುವ ಆದೇಶವೇ ನೋಪ್. ಅದಕ್ಕೆ ಒಂದು ಸಾಲು ಸಾಕು. ಹ್ಯಾಕರ್‌ಗಳ ನೋಪ್ ಸ್ಲೆಡ್ (ನೋಪ್‌ಗಳ ಸಾಲಿನ ಮೂಲಕ ತಮ್ಮ ಕೋಡ್‌ಗೆ ಜಾರಿಸುವ ತಂತ್ರ) ಭಾಗ ಪೂರ್ತಿ ತೆಗೆಯಿರಿ, ಅದು ಬೇರೆಯೇ ಲೇಖನ.

ಮೂರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಆ ಪಲ್ಸ್‌ನ ಫೋಟೊ ಇದ್ದರೆ ಅದೂ ಬರಲಿ.